ಎಂಜಿನ್ ಬದಲಾಯಿಸುವ ಮೊದಲು ತಕ್ಕಡಿ ತನ್ನಿ

ಹಳೇ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಕೂರಿಸುವ ವಿಡಿಯೋಗಳನ್ನು ನಾವೆಲ್ಲ ನೋಡ್ತೀವಿ. ಇಂಟರ್ನಲ್ಸ್ ಹಿಂದಿನ ರಾತ್ರಿ ಇನ್ನೂ ಸ್ವಲ್ಪ ಜಾಸ್ತಿ ನೋಡ್ತೀವಿ. ಇಪ್ಪತ್ತು ನಿಮಿಷದೊಳಗೆ ಎಲ್ಲ ಮುಗಿದುಹೋಗುತ್ತೆ: ತುಕ್ಕು ಹಿಡಿದ ಕಾರು, ಸರಪಳಿಯಲ್ಲಿ ತೂಗಾಡುತ್ತಾ ಹೊರಗೆ ಬರುವ ಹಳೇ ಎಂಜಿನ್, ಅದರ ಜಾಗಕ್ಕೆ ಇಳಿಯುವ ವಿ-8, ಕೊನೆಗೆ ಹಿಂದಿನ ಟೈರುಗಳಿಂದ ಏಳುವ ಹೊಗೆ. ಮಾರನೇ ದಿನ ಮೆಸ್ಸಿನಲ್ಲಿ ಇದೇ ಮಾತು ಎದ್ದರೆ ಎರಡು ಪಕ್ಷ ಆಗುತ್ತೆ. ಒಂದು ಪಕ್ಷದವರಿಗೆ ಅಶ್ವಶಕ್ತಿ ಹೆಚ್ಚಾದಷ್ಟೂ ಖುಷಿ. ಇನ್ನೊಂದು ಪಕ್ಷದವರಿಗೆ ಹಳೇ ಕಾರು ಅಂದ್ರೆ ಗರ್ಭಗುಡಿಯ ಮೂರ್ತಿ, ಯಾರೂ ಮುಟ್ಟಬಾರದು.

ನಾವು ಎರಡೂ ಪಕ್ಷಕ್ಕೆ ಸೇರಿದವರಲ್ಲ. ಎಂಜಿನ್ ಬದಲಾಯಿಸಬಹುದು, ಕೆಲವು ಕಾರುಗಳಿಗೆ ಬದಲಾಯಿಸಿದರೇನೇ ಚೆಂದ. ಆದರೆ ಅಶ್ವಶಕ್ತಿ ಎಷ್ಟು ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹೊಸ ಎಂಜಿನ್ನಿನ ತೂಕ ಎಷ್ಟು, ಅದು ಕಾರಿನಲ್ಲಿ ಎಲ್ಲಿ ಕೂರುತ್ತೆ, ಉಳಿದ ಭಾಗಗಳು ಅದನ್ನು ತಡ್ಕೊಳ್ತಾವಾ ಅನ್ನೋದನ್ನು ಮೊದಲು ಕೇಳಬೇಕು. ಇದನ್ನು ನಾವು ತರ್ಕದಿಂದಲೇ ಸಾಬೀತು ಮಾಡಬೇಕಾಗಿಲ್ಲ, ಒಂದು ಕಂಪನಿ ತನ್ನ ದುಡ್ಡಲ್ಲೇ ಪ್ರಯೋಗ ಮಾಡಿ ತೋರಿಸಿದೆ. ಒಂದೇ ಕಾರು, ಎರಡು ಬೇರೆ ಬೇರೆ ದೊಡ್ಡ ಎಂಜಿನ್, ಎರಡು ಬೇರೆ ಫಲಿತಾಂಶ.

ಎಂ.ಜಿ. ಅಂದ್ರೆ ಬೆಂಗಳೂರಿನವರಿಗೆ ರೋಡು, ನಮ್ಮ ವಯಸ್ಸಿನವರಿಗೆ ಹೆಕ್ಟರ್. ಆದರೆ ಆ ಹೆಸರು ಬಂದಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್‌ನಿಂದ. ಆ ಕಂಪನಿ 1962ರಲ್ಲಿ ಎಂಜಿಬಿ ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ತಂದಿತು. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸುಮಾರು 95 ಅಶ್ವಶಕ್ತಿ. ಅದೇ ಕುಟುಂಬದ ಎಂಜಿನ್ನುಗಳು ಆ ಕಾಲದ ಮಾಮೂಲಿ ಫ್ಯಾಮಿಲಿ ಕಾರುಗಳಲ್ಲೂ ಇದ್ದವು. ಎಂಜಿಬಿ ಹೆಸರಾದದ್ದು ವೇಗಕ್ಕಲ್ಲ. ಚಿಕ್ಕದಾಗಿತ್ತು, ಕೈಗೆ ಎಟಕುವ ಬೆಲೆ ಇತ್ತು, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತಿತ್ತು. 1980ರವರೆಗೆ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು.

ಜನ ಇನ್ನೂ ಶಕ್ತಿ ಬೇಕು ಅಂದರು. 1967ರಲ್ಲಿ ಕಂಪನಿ ಅದೇ ಬಾಡಿಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಅಂತ ಹೆಸರಿಟ್ಟಿತು. 145 ಅಶ್ವಶಕ್ತಿ, ಅಂದ್ರೆ ಹಿಂದಿನದಕ್ಕಿಂತ ಒಂದೂವರೆ ಪಟ್ಟು. ಕಾಗದದ ಮೇಲೆ ಭರ್ಜರಿ. ಸಮಸ್ಯೆ ಏನಂದ್ರೆ ಅದು ಪೂರ್ತಿ ಎರಕದ ಕಬ್ಬಿಣದ ಎಂಜಿನ್. ಹಳೆಯದಕ್ಕಿಂತ ಸುಮಾರು 95 ಕೆಜಿ ಹೆಚ್ಚು ಭಾರ. ಆರು ಸಿಲಿಂಡರ್ ಸಾಲಾಗಿ ನಿಂತಿರೋದರಿಂದ ಉದ್ದವೂ ಜಾಸ್ತಿ, ಎತ್ತರವೂ ಜಾಸ್ತಿ. ಬಾನೆಟ್ ಮುಚ್ಚೋದಕ್ಕೆ ಅದರ ಮೇಲೆ ಉಬ್ಬು ಎಬ್ಬಿಸಬೇಕಾಯಿತು. ಮುಂದಿನ ಸಸ್ಪೆನ್ಷನ್ನಿಗೆ ಜಾಗವೇ ಸಾಲದೆ ಕಾಯಿಲ್ ಸ್ಪ್ರಿಂಗ್ ತೆಗೆದು ಟಾರ್ಷನ್ ಬಾರ್ ಹಾಕಬೇಕಾಯಿತು. ಇಷ್ಟೆಲ್ಲ ಆದ ಮೇಲೂ ಆ ಕಾಲದ ಮೋಟಾರು ಪತ್ರಿಕೆಗಳು ಹೊಗಳಲಿಲ್ಲ. ಮೂತಿ ಭಾರ, ತಿರುಗಿಸಿದರೆ ನೇರ ಹೋಗೋಕೆ ನೋಡುತ್ತೆ ಅಂತ ದೂರಿದವು. 1969ಕ್ಕೆ ಎಂಜಿಸಿ ನಿಂತುಹೋಯಿತು. ಒಟ್ಟು ತಯಾರಾಗಿದ್ದು ಸುಮಾರು 9 ಸಾವಿರ ಕಾರು.

ಯಾಕೆ ಹೀಗಾಯಿತು? ಕಾರನ್ನು ತಿರುವಿನಲ್ಲಿ ತಿರುಗಿಸಲು ಬೇಕಾದ ಬಲ ತೂಕದ ಜೊತೆಗೇ ಏರುತ್ತೆ. ಆದರೆ ಟೈರಿನ ಹಿಡಿತ ಅದೇ ಪ್ರಮಾಣದಲ್ಲಿ ಏರಲ್ಲ. ಟೈರಿನ ಮೇಲೆ ಎರಡು ಪಟ್ಟು ಭಾರ ಹಾಕಿದರೆ ಹಿಡಿತ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆಯೇ ಸಿಗುತ್ತೆ. ಹಾಗಾಗಿ ಮೂತಿಯ ಮೇಲೆ ಭಾರ ಹೇರಿದರೆ ಮುಂದಿನ ಟೈರುಗಳು ಮೊದಲು ಕೈಕೊಡ್ತವೆ. ನೀವು ಸ್ಟೀರಿಂಗ್ ತಿರುಗಿಸ್ತೀರಿ, ಕಾರು ಹೊರಗಡೆಗೆ ಜಾರುತ್ತೆ. ಇದಕ್ಕೇ ಅಂಡರ್‌ಸ್ಟೀರ್ ಅನ್ನೋದು. ಜೊತೆಗೆ ಭಾರ ಕಾರಿನ ನಡುಭಾಗದಿಂದ ದೂರ ಹೋದಷ್ಟೂ ಕಾರನ್ನು ತಿರುಗಿಸಲು ಶುರು ಮಾಡೋದೂ ಕಷ್ಟ, ತಿರುಗುವುದನ್ನು ನಿಲ್ಲಿಸೋದೂ ಕಷ್ಟ. ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಜಡತ್ವದ ಮಹತ್ವ ಅಂತ ನಾವು ಸೂತ್ರ ಉರು ಹೊಡೀತೀವಲ್ಲ, ಎಂಜಿಸಿ ಅದರ ನಡೆದಾಡುವ ಉದಾಹರಣೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನೋ ಗಾದೆಯ ಹಾಗೆ, ಎಂಜಿನ್ ಒಂದು ಕಡೆ, ಚಾಸಿ ಒಂದು ಕಡೆ.

ಈಗ ಎರಡನೇ ಪ್ರಯೋಗ. ಕೆನ್ ಕಾಸ್ಟೆಲೊ ಅಂತ ಒಬ್ಬ ಇಂಗ್ಲಿಷ್ ರೇಸರ್ ಮತ್ತು ಎಂಜಿನಿಯರ್. 1970ರ ಹೊತ್ತಿಗೆ ಇವರು ಅದೇ ಎಂಜಿಬಿಗೆ ರೋವರ್ ಕಂಪನಿಯ 3.5 ಲೀಟರ್ ವಿ-8 ಎಂಜಿನ್ ಕೂರಿಸಿ ಮಾರಲು ಶುರು ಮಾಡಿದರು. ಆ ಎಂಜಿನ್ ಹುಟ್ಟಿದ್ದು ಅಮೆರಿಕದಲ್ಲಿ. 1961ರಲ್ಲಿ ಬ್ಯೂಕ್ ಕಾರಿಗೆ ಜನರಲ್ ಮೋಟಾರ್ಸ್ ಮಾಡಿದ್ದ ಅಲ್ಯೂಮಿನಿಯಂ ಎಂಜಿನ್ ಅದು. 1963ಕ್ಕೆ ಅವರು ಕೈಬಿಟ್ಟರು, 1965ರಲ್ಲಿ ರೋವರ್ ಅದರ ಹಕ್ಕು ಕೊಂಡುಕೊಂಡಿತು. ಅಮೆರಿಕದವರಿಗೆ ಬೇಡವಾದ ಆ ಎಂಜಿನ್ ಮುಂದೆ ರೇಂಜ್ ರೋವರಿನಿಂದ ಮಾರ್ಗನ್ ಪ್ಲಸ್ 8ರವರೆಗೆ ಬ್ರಿಟನ್ನಿನ ಎಷ್ಟೋ ಗಾಡಿಗಳನ್ನು ಎಳೆಯಿತು.

ಸಿಸಿ ಲೆಕ್ಕದಲ್ಲಿ ಇದು ಎಂಜಿಬಿಯ ಎಂಜಿನ್ನಿನ ಹೆಚ್ಚುಕಡಿಮೆ ಎರಡರಷ್ಟು. ಆದರೆ ಅಲ್ಯೂಮಿನಿಯಂ ಆದ್ದರಿಂದ ತೂಕ ಆ ಕಬ್ಬಿಣದ ನಾಲ್ಕು ಸಿಲಿಂಡರಿನ ಆಸುಪಾಸಿನಲ್ಲೇ ಇತ್ತು. ಇನ್ನೊಂದು ಅನುಕೂಲ ಆಕಾರದ್ದು. ವಿ-8 ಅಂದ್ರೆ ನಾಲ್ಕು ಸಿಲಿಂಡರಿನ ಎರಡು ಸಾಲು ಅಕ್ಕಪಕ್ಕ ನಿಂತ ಹಾಗೆ. ಅಗಲ ಜಾಸ್ತಿ, ಉದ್ದ ಕಡಿಮೆ. ಆರು ಸಿಲಿಂಡರಿನ ಉದ್ದನೆಯ ಎಂಜಿನ್ನಿನಂತೆ ಮೂತಿಯವರೆಗೆ ಚಾಚದೆ ಇದು ಹಿಂದಕ್ಕೆ ಸರಿದು ಕೂರುತ್ತೆ. ಮೂತಿಯ ಮೇಲೆ ಭಾರ ಬೀಳಲಿಲ್ಲ, ಕಾರಿನ ಸ್ವಭಾವ ಕೆಡಲಿಲ್ಲ.

ಎಂಜಿ ಆ ಹೊತ್ತಿಗೆ ಬ್ರಿಟಿಷ್ ಲೇಲ್ಯಾಂಡ್ ಎಂಬ ದೊಡ್ಡ ಕೂಟದ ಭಾಗ (ನಮ್ಮ ಅಶೋಕ್ ಲೇಲ್ಯಾಂಡ್ ಹೆಸರಿನಲ್ಲಿರುವ ಲೇಲ್ಯಾಂಡ್ ಕೂಡ ಅದೇ ಮನೆತನದ್ದು). ಕೂಟದವರು ಕಾಸ್ಟೆಲೊ ಅವರ ಕಾರು ತರಿಸಿ ನೋಡಿದರು. 1973ರ ಆಗಸ್ಟಿನಲ್ಲಿ ತಮ್ಮದೇ ಎಂಜಿಬಿ ಜಿಟಿ ವಿ-8 ಬಿಡುಗಡೆ ಮಾಡಿದರು. ಅದರ ಶಕ್ತಿ ಎಷ್ಟು ಗೊತ್ತಾ? 137. ಅಂದ್ರೆ ಎಂಜಿಸಿಗಿಂತ 8 ಅಶ್ವಶಕ್ತಿ ಕಡಿಮೆ!

ನಮ್ಮ ವಾದದ ಬೇರು ಇರೋದು ಇಲ್ಲೇ. ಬರೀ ಅಶ್ವಶಕ್ತಿಯ ಕಾಲಂ ನೋಡಿ ತೀರ್ಪು ಕೊಡುವುದಾದರೆ ಎಂಜಿಸಿ ಗೆಲ್ಲಬೇಕಿತ್ತು. ಆದರೆ ಓಡಿಸಿದವರು ಮೆಚ್ಚಿದ್ದು ವಿ-8 ಕಾರನ್ನು. ಎಂಜಿಬಿಯ ಎಂಜಿನ್ ಸುಮಾರು 150 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತಿದ್ದರೆ ಇದು 260ರಷ್ಟು ಕೊಡುತ್ತಿತ್ತು, ಗರಿಷ್ಠ ವೇಗ ಗಂಟೆಗೆ ಸುಮಾರು 170 ಕಿಮೀನಿಂದ 200ಕ್ಕೆ ಏರಿತು. ಅದೃಷ್ಟ ಮಾತ್ರ ಚೆನ್ನಾಗಿರಲಿಲ್ಲ. ಕಾರು ಬಂದು ಎರಡು ತಿಂಗಳಿಗೆ ತೈಲ ಬಿಕ್ಕಟ್ಟು ಶುರುವಾಯಿತು. 1976ಕ್ಕೆ ನಿಲ್ಲಿಸುವಷ್ಟರಲ್ಲಿ 2591 ಕಾರು ತಯಾರಾಗಿದ್ದವು, ಅಷ್ಟೇ. ಸಂಖ್ಯೆ ನೋಡಿದರೆ ಇದೂ ಸೋಲೇ ಅಲ್ವಾ ಅಂತ ಕೇಳಬಹುದು. ಮಾರಾಟದಲ್ಲಿ ಸೋತಿತು, ಒಪ್ಪೋಣ. ಆದರೆ 1992ರಲ್ಲಿ ರೋವರ್ ಕಂಪನಿ ಈ ಕಾರಿಗೆ ಮತ್ತೆ ಜೀವ ಕೊಟ್ಟು ಆರ್‌ವಿ8 ಅಂತ ತಂದಾಗ ಆರಿಸಿಕೊಂಡಿದ್ದು ಇದೇ ಸೂತ್ರವನ್ನು: ಅದೇ ಬಾಡಿ, ಅದೇ ಅಲ್ಯೂಮಿನಿಯಂ ವಿ-8 ವಂಶದ 3.9 ಲೀಟರ್ ಎಂಜಿನ್.

ತೂಕ ಸರಿಹೋದರೆ ಎಲ್ಲ ಮುಗೀತು ಅಂತಲೂ ಅಲ್ಲ. ವಿಡಿಯೋದಲ್ಲಿ ಎಂಜಿನ್ ಇಳಿಸೋದು ಎರಡು ನಿಮಿಷ. ನಿಜವಾದ ಕೆಲಸ ಅದರ ಸುತ್ತಮುತ್ತ ಇರುತ್ತೆ.

ಮೊದಲನೆಯದು ಬಿಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೂಲಂಟಿಗೆ ಹೋಗುತ್ತೆ. ಶಕ್ತಿ ಹೆಚ್ಚಿಸಿದರೆ ಹೊರಗೆ ಹಾಕಬೇಕಾದ ಬಿಸಿಯೂ ಅದರ ಜೊತೆಗೇ ಹೆಚ್ಚುತ್ತೆ. 95 ಅಶ್ವಶಕ್ತಿಗೆ ಅಂತ ಮಾಡಿದ ರೇಡಿಯೇಟರ್ 300 ಅಶ್ವಶಕ್ತಿಯ ಎಂಜಿನ್ನಿನ ಬಿಸಿ ಹೊರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಇಲ್ಲೂ ಸತ್ಯ. ಜಿಟಿ ವಿ-8ನಲ್ಲಿ ರೇಡಿಯೇಟರನ್ನು ಮುಂದಕ್ಕೆ ಸರಿಸಿ ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ದು ಸುಮ್ಮನೆ ಅಲ್ಲ.

ಎರಡನೆಯದು ಬ್ರೇಕು. ಚಲನಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೀವಿ. 170ರ ಬದಲು 200 ಕಿಮೀ ವೇಗದಿಂದ ನಿಲ್ಲಿಸಬೇಕಾದರೆ ಬ್ರೇಕುಗಳು ನುಂಗಬೇಕಾದ ಶಕ್ತಿ ಶೇ. 38ರಷ್ಟು ಹೆಚ್ಚು. ತೂಕ ಒಂದು ಗ್ರಾಂ ಕೂಡ ಹೆಚ್ಚಾಗದಿದ್ದರೂ ಈ ಲೆಕ್ಕ ತಪ್ಪಲ್ಲ. ದೊಡ್ಡ ಎಂಜಿನ್ ಹಾಕಿ ಹಳೇ ಬ್ರೇಕು ಬಿಟ್ಟವರು ಕಾರು ಮಾಡಿದ್ದಾರೆ ಅಂತ ನಮಗಂತೂ ಅನಿಸಲ್ಲ, ಅಪಾಯ ಮಾಡಿದ್ದಾರೆ.

ಮೂರನೆಯದು ಎಂಜಿನ್ನಿನಿಂದ ಚಕ್ರದವರೆಗಿನ ಸಾಲು: ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಆಕ್ಸಲ್. ಟಾರ್ಕ್ ಈ ಸಾಲಿನಲ್ಲಿ ಹಾದುಹೋಗಲೇಬೇಕು, ಒಂದನ್ನು ಗಟ್ಟಿ ಮಾಡಿದರೆ ಅದರ ಮುಂದಿನದು ಮುರಿಯುತ್ತೆ. ಶಾಫ್ಟಿನ ವ್ಯಾಸ ಎಷ್ಟಿರಬೇಕು ಅಂತ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಹತ್ತು ಮಾರ್ಕಿಗೆ ಲೆಕ್ಕ ಮಾಡ್ತೀವಲ್ಲ, ಅದು ಇಲ್ಲಿ ಬೇಕಾಗುತ್ತೆ.

ಈ ಸುತ್ತಮುತ್ತಲಿನ ಕೆಲಸ ಎಷ್ಟು ವಿಚಿತ್ರ ರೂಪ ತಾಳುತ್ತೆ ಅನ್ನೋದಕ್ಕೆ ಸನ್‌ಬೀಮ್ ಟೈಗರ್ ಸಾಕ್ಷಿ. 1964ರಲ್ಲಿ ಬ್ರಿಟನ್ನಿನ ರೂಟ್ಸ್ ಕಂಪನಿ ತನ್ನ ಆಲ್ಪೈನ್ ಎಂಬ ಸಾಧು ಕಾರಿಗೆ ಫೋರ್ಡಿನ 4.3 ಲೀಟರ್ ವಿ-8 ಹಾಕಿ ಟೈಗರ್ ಅಂತ ಮಾರಿತು. ಯಾವ ಎಂಜಿನ್ ಹಿಡಿಸುತ್ತೆ ಅಂತ ತಿಳಿಯೋಕೆ ಅಮೆರಿಕದಲ್ಲಿದ್ದ ಕಂಪನಿಯ ಜನ ಮರದ ಅಳತೆಪಟ್ಟಿ ಹಿಡ್ಕೊಂಡು ಬೇರೆ ಕಂಪನಿಗಳ ಷೋರೂಮುಗಳಿಗೆ ಹೋಗಿ ಎಂಜಿನ್ ಅಳೆದು ಬಂದರಂತೆ. ಫೋರ್ಡ್ ಎಂಜಿನ್ ಹಿಡಿಸಿತು, ಆದರೆ ಹೇಗೆ ಹಿಡಿಸಿತು ಅಂದ್ರೆ, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಬೇಕಾದರೆ ಕಾರಿನ ಒಳಗಿನಿಂದ ಗೋಡೆಯಲ್ಲಿರುವ ಒಂದು ತೂತಿನ ಮೂಲಕ ಕೈ ಹಾಕಬೇಕು. ಹಳೇ ಸ್ಟೀರಿಂಗ್ ವ್ಯವಸ್ಥೆಗೆ ಜಾಗ ಸಾಲದೆ ರ‍್ಯಾಕ್ ಅಂಡ್ ಪಿನಿಯನ್ ಬಂತು. ಆಮೇಲೆ ರೂಟ್ಸ್ ಕಂಪನಿ ಕ್ರೈಸ್ಲರ್ ಕೈಗೆ ಹೋಯಿತು. ಪ್ರತಿಸ್ಪರ್ಧಿಯ ಎಂಜಿನ್ ಹಾಕಿ ಮಾರೋದು ಯಾರಿಗೆ ತಾನೇ ಇಷ್ಟ? ತಮ್ಮದೇ ವಿ-8 ಹಾಕೋಣ ಅಂದ್ರೆ ಅದರ ಡಿಸ್ಟ್ರಿಬ್ಯೂಟರ್ ಹಿಂಭಾಗದಲ್ಲಿತ್ತು, ಗೋಡೆಗೆ ತಾಗುತ್ತಿತ್ತು. ಫೋರ್ಡಿನದ್ದು ಮುಂಭಾಗದಲ್ಲಿತ್ತು. ಅಷ್ಟೇ ವ್ಯತ್ಯಾಸ. 1967ರಲ್ಲಿ ಟೈಗರ್ ನಿಂತಿತು. ಅಂಗೈಯಗಲದ ಒಂದು ಭಾಗ ಎಲ್ಲಿದೆ ಅನ್ನೋದು ಒಂದು ಕಾರಿನ ಹಣೆಬರಹ ಬರೆದ ಕಥೆ ಇದು.

ಎಂಜಿನ್ ಬದಲಾವಣೆಯ ಕಥೆಗಳಲ್ಲೆಲ್ಲ ದೊಡ್ಡ ಹೆಸರು ಎಸಿ ಕೋಬ್ರಾ. ಕ್ಯಾರಲ್ ಶೆಲ್ಬಿ ಇಂಗ್ಲೆಂಡಿನ ಹಗುರ ಎಸಿ ಏಸ್ ಕಾರಿಗೆ ಅಮೆರಿಕದ ಫೋರ್ಡ್ ವಿ-8 ಹಾಕಿ 1962ರಲ್ಲಿ ಮಾಡಿದ್ದು. ಅಶ್ವಶಕ್ತಿ ಪಕ್ಷದವರು ಯಾವಾಗಲೂ ಇದನ್ನೇ ಎತ್ತಿ ತೋರಿಸ್ತಾರೆ. ಆದರೆ 7 ಲೀಟರಿನ ದೊಡ್ಡ ಎಂಜಿನ್ ಹಾಕುವ ಹೊತ್ತಿಗೆ ಶೆಲ್ಬಿ ಮತ್ತು ಎಸಿ ಏನು ಮಾಡಿದರು ಅನ್ನೋದನ್ನು ಯಾರೂ ಹೇಳಲ್ಲ. 1965ರ ಆ ಕಾರಿಗೆ ಚಾಸಿಯನ್ನೇ ಹೊಸದಾಗಿ ಮಾಡಿದರು. ಮುಖ್ಯ ಕೊಳವೆಗಳ ವ್ಯಾಸ 3 ಇಂಚಿನಿಂದ 4 ಇಂಚಿಗೆ ಹೋಯಿತು, ಅಡ್ಡ ಲೀಫ್ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ಎಂಜಿನ್ ದೊಡ್ಡದಾದಾಗ ಕಾರೂ ಬದಲಾಗಬೇಕು ಅಂತ ಅವರಿಗೆ ಗೊತ್ತಿತ್ತು.

ಇನ್ನು ಮುಟ್ಟಬಾರದು ಅನ್ನುವ ಪಕ್ಷದವರ ಜೊತೆ ಎರಡು ಮಾತು. ಎಂಜಿಬಿಯ ಮೂಲ ಎಂಜಿನ್ ಪವಿತ್ರ ವಸ್ತು ಏನಲ್ಲ, ಫ್ಯಾಮಿಲಿ ಕಾರುಗಳ ಜೊತೆ ಹಂಚಿಕೊಂಡ ಎಂಜಿನ್ ಅಂತ ಆಗಲೇ ಹೇಳಿದೆವು. ಎಂಜಿ ಅನ್ನೋ ಹೆಸರು ಹುಟ್ಟಿದ್ದೇ ಮಾರಿಸ್ ಕಂಪನಿಯ ಸಾಧಾರಣ ಕಾರುಗಳನ್ನು ತಿದ್ದಿ ತೀಡಿ ಓಡಿಸುವ ಹುಚ್ಚಿನಿಂದ. ಐದು ಲಕ್ಷ ಕಾರುಗಳಲ್ಲಿ ಒಂದನ್ನು ಬದಲಾಯಿಸಿದರೆ ಇತಿಹಾಸ ಅಳಿಸಿಹೋಗಲ್ಲ. ಷೆಡ್ಡಿನಲ್ಲಿ ಕೊಳೆಯುವ ಮೂಲ ಕಾರಿಗಿಂತ ರಸ್ತೆಯಲ್ಲಿ ಓಡುವ ಬದಲಾದ ಕಾರು ನಮಗೆ ಇಷ್ಟ.

ಆದರೆ ಅವರ ಮಾತಿನಲ್ಲೂ ಒಂದು ಸತ್ಯ ಇದೆ. ಕೆಲವು ಕಾರುಗಳಲ್ಲಿ ಎಂಜಿನ್ನೇ ಕಾರು. ಮಾಜ್ದಾ ಆರ್‌ಎಕ್ಸ್-7 ನೋಡಿ. ಅದರಲ್ಲಿ ಪಿಸ್ಟನ್ನೇ ಇಲ್ಲ, ತ್ರಿಕೋನದ ರೋಟರ್ ತಿರುಗುವ ವಾಂಕೆಲ್ ಎಂಜಿನ್. ಇಡೀ ಜಗತ್ತಿನಲ್ಲಿ ಬೇರೆ ಕಂಪನಿಗಳು ಕೈಬಿಟ್ಟ ಮೇಲೂ ಮಾಜ್ದಾ ಹಟ ಹಿಡಿದು ಆ ಎಂಜಿನ್ ಉಳಿಸಿಕೊಂಡಿತು. 1991ರಲ್ಲಿ ರೋಟರಿ ಎಂಜಿನ್ನಿನ ರೇಸ್ ಕಾರಿನಿಂದಲೇ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದಿತು. ಆರ್‌ಎಕ್ಸ್-7ನ ತಗ್ಗು ಬಾನೆಟ್, ಸಮತೋಲ, ಎಲ್ಲ ಆ ಪುಟ್ಟ ಎಂಜಿನ್ನಿನಿಂದ ಬಂದದ್ದು. ಇವತ್ತು ಅಮೆರಿಕದಲ್ಲಿ ಬಹಳ ಜನ ಅದನ್ನು ಕಿತ್ತು ಜನರಲ್ ಮೋಟಾರ್ಸಿನ ಎಲ್‌ಎಸ್ ವಿ-8 ಹಾಕ್ತಾರೆ. ಎಲ್‌ಎಸ್ ನಿಜಕ್ಕೂ ಜಾಣ ಎಂಜಿನ್. 1997ರ ಕಾರ್ವೆಟ್ಟಿನಲ್ಲಿ ಮೊದಲು ಬಂತು, ಅದರ ಬ್ಲಾಕ್ ಅಲ್ಯೂಮಿನಿಯಂ, ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗೇ ಇರೋದರಿಂದ ಗಾತ್ರ ಚಿಕ್ಕದು. ಹಾಗಾಗಿ ತಕ್ಕಡಿ ಪರೀಕ್ಷೆಯಲ್ಲಿ ಅದು ಪಾಸೂ ಆಗಬಹುದು. ಆದರೂ ಇದು ನಮಗೆ ಒಪ್ಪಿಗೆಯಿಲ್ಲ. ಯಾವ ಒಂದು ಕಾರಣಕ್ಕೆ ಆ ಕಾರು ಬೇರೆಲ್ಲ ಕಾರುಗಳಿಗಿಂತ ಬೇರೆಯಾಗಿತ್ತೋ ಅದನ್ನೇ ತೆಗೆದು ಹಾಕಿದ ಹಾಗೆ. ತಕ್ಕಡಿ ಬೇಕೇ ಬೇಕು, ಆದರೆ ಅದರ ಜೊತೆಗೆ ಈ ಕಾರು ಯಾಕೆ ಹುಟ್ಟಿತು ಅನ್ನೋ ಪ್ರಶ್ನೆಯೂ ಇರಬೇಕು.

ಇನ್ನೊಂದು ಷರತ್ತು ನಮ್ಮದು: ವಾಪಸ್ ಹಾಕುವ ದಾರಿ ಮುಚ್ಚಬಾರದು. ಬೋಲ್ಟಿನಲ್ಲಿ ನಿಲ್ಲುವುದನ್ನು ವೆಲ್ಡ್ ಮಾಡಬೇಡಿ, ಕತ್ತರಿಸದೆ ಆಗುವುದನ್ನು ಕತ್ತರಿಸಬೇಡಿ, ಹಳೇ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಹಚ್ಚಿ ಮುಚ್ಚಿಡಿ. 2017ರಲ್ಲಿ ಜಾಗ್ವಾರ್ ತನ್ನ 1960ರ ದಶಕದ ಇ-ಟೈಪ್ ಕಾರಿಗೆ ಎಲೆಕ್ಟ್ರಿಕ್ ಮೋಟಾರ್ ಹಾಕಿ ಇ-ಟೈಪ್ ಝೀರೋ ಅಂತ ತೋರಿಸಿತು. ಎಲೆಕ್ಟ್ರಿಕ್ ಅಂದ ತಕ್ಷಣ ಮೂಗು ಮುರಿಯಬೇಡಿ. ಅವರು ಬ್ಯಾಟರಿಯನ್ನು ಹಳೇ ಆರು ಸಿಲಿಂಡರ್ ಎಂಜಿನ್ನಿನ ಅಳತೆಗೇ, ಹೆಚ್ಚುಕಡಿಮೆ ಅದರ ತೂಕಕ್ಕೇ ಹೊಂದಿಸಿ ಅದರ ಜಾಗದಲ್ಲೇ ಕೂರಿಸಿದರು. ತೂಕದ ಹಂಚಿಕೆ ಕೆಡದಿದ್ದರಿಂದ ಸಸ್ಪೆನ್ಷನ್ ಮತ್ತು ಬ್ರೇಕುಗಳನ್ನು ಬದಲಾಯಿಸುವ ಅಗತ್ಯ ಬೀಳಲಿಲ್ಲ. ಬೇಕಾದರೆ ಪೆಟ್ರೋಲ್ ಎಂಜಿನ್ ಮತ್ತೆ ಹಾಕಬಹುದು. ಎಂಜಿಸಿಯಿಂದ ಕಲಿಯಬೇಕಾದ ಪಾಠವನ್ನು ಇವರು ಐವತ್ತು ವರ್ಷದ ನಂತರ ಕಲಿತು ತೋರಿಸಿದರು ಅನ್ನಬಹುದು.

ಇದನ್ನೆಲ್ಲ ಓದಿ ಯಾರಾದರೂ ಊರಿನ ಷೆಡ್ಡಿನಲ್ಲಿ ನಿಂತ ತಾತನ ಕಾರಿಗೆ ಕೈ ಹಾಕುವ ಮೊದಲು ಕಾನೂನೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಸಿಎನ್‌ಜಿ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಬದಲಾಗುವುದಕ್ಕೆ ಷರತ್ತುಬದ್ಧ ಅವಕಾಶ ಇದೆ. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಎಂಬ ಬೇರೆ ನೋಂದಣಿ ಸರಣಿ ಕೊಡುತ್ತೆ, ಆದರೆ ಅದಕ್ಕೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಸುರಕ್ಷತೆಯ ದೃಷ್ಟಿಯಿಂದ ನಿಯಮ ಇರೋದು ಸರಿಯೇ. ಆದರೆ ಲೆಕ್ಕ ಹಾಕಿ, ಬ್ರೇಕು ಹೊಂದಿಸಿ, ಪರೀಕ್ಷೆಗೆ ಒಪ್ಪಿಸಿ ಮಾಡಿದ ಬದಲಾವಣೆಗೂ ಹಾರ್ನ್ ಮತ್ತು ಸ್ಟಿಕ್ಕರಿನ ಪುಂಡಾಟಕ್ಕೂ ವ್ಯತ್ಯಾಸ ಕಾಣುವ ಪರೀಕ್ಷಾ ಪದ್ಧತಿ ನಮ್ಮಲ್ಲೂ ಬರಬೇಕು ಅನ್ನೋದು ನಮ್ಮ ಆಸೆ. ಬ್ರಿಟನ್ನಿನಲ್ಲಿ ಕಾಸ್ಟೆಲೊ ಅಂಥ ಒಬ್ಬರು ತಮ್ಮ ವರ್ಕ್‌ಶಾಪಿನಲ್ಲಿ ಮಾಡಿದ ಕೆಲಸ ಕಂಪನಿಯ ಕಣ್ಣು ತೆರೆಸಿತು. ಅಂಥ ಕೆಲಸಕ್ಕೆ ಬಾಗಿಲೇ ಇಲ್ಲದ ಕಡೆ ಅಂಥವರು ಹುಟ್ಟೋದು ಕಷ್ಟ.

ಸದ್ಯಕ್ಕೆ ನಮ್ಮ ಕೈಯಲ್ಲಿ ಎಂಜಿಬಿಯೂ ಇಲ್ಲ, ವಿ-8ಊ ಇಲ್ಲ. ಇರೋದು ಸಿಲಬಸ್ಸು. ಥರ್ಮೋ ಒಂದು ಪುಸ್ತಕ, ಮೆಟೀರಿಯಲ್ಸ್ ಇನ್ನೊಂದು, ಡೈನಾಮಿಕ್ಸ್ ಮತ್ತೊಂದು. ಪ್ರತಿಯೊಂದಕ್ಕೂ ಬೇರೆ ಮೇಷ್ಟ್ರು, ಬೇರೆ ಪರೀಕ್ಷೆ, ಪರೀಕ್ಷೆ ಮುಗಿದ ಮೇಲೆ ಬೇರೆ ಬೇರೆಯಾಗಿಯೇ ಮರೆಯೋದು. ಒಂದು ಎಂಜಿನ್ ಬದಲಾವಣೆಯಲ್ಲಿ ಇವೆಲ್ಲ ಒಂದೇ ಬಾನೆಟ್ಟಿನ ಕೆಳಗೆ ಬಂದು ಕೂರುತ್ತವೆ, ಒಂದನ್ನು ಮರೆತರೂ ಕಾರು ಕ್ಷಮಿಸಲ್ಲ. ಮುಂದಿನ ಸಲ ಅಂಥ ವಿಡಿಯೋ ಬಂದಾಗ ಹೊಗೆ ಬರುವ ಭಾಗಕ್ಕೆ ಓಡಿಸಬೇಡಿ. ಮುಂದಿನ ಚಕ್ರಗಳ ಮೇಲೆ ಈಗ ಎಷ್ಟು ಭಾರ ಇದೆ, ಬ್ರೇಕು ಯಾವುದು, ಹಳೇ ಎಂಜಿನ್ ಎಲ್ಲಿಗೆ ಹೋಯಿತು ಅಂತ ಹುಡುಕಿ. ಇವಕ್ಕೆ ಉತ್ತರ ಕೊಡುವವರು ಸಿಕ್ಕರೆ ಆ ಚಾನೆಲ್ಲಿನ ಲಿಂಕ್ ನಮಗೂ ಕಳಿಸಿ.